ಕಂಬ ಒಂದೇ, ಒಪ್ಪಿಗೆ ಎಷ್ಟು?

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ರಾಸ್‌ವೆಲ್ ನಗರದ ವಸತಿ ಪ್ರದೇಶ. ಅಲ್ಲಿನ 2.8 ಎಕರೆ ಖಾಲಿ ಜಾಗದಲ್ಲಿ 108 ಅಡಿಯ ಟವರ್ ನಿಲ್ಲಿಸಲು ಟಿ-ಮೊಬೈಲ್ ಕಂಪನಿ 2010ರಲ್ಲಿ ಅನುಮತಿ ಕೇಳಿತು. ಟವರಿಗೆ ಪೈನ್ ಮರದ ರೂಪ. ಆಂಟೆನಾಗಳಿಗೆ ಕೃತಕ ಕೊಂಬೆಗಳ ಮರೆ. ಷರತ್ತು ಹಾಕಿ ಒಪ್ಪಬಹುದೆಂದು ನಗರದ ಯೋಜನಾ ವಿಭಾಗವೇ ಶಿಫಾರಸು ಮಾಡಿತ್ತು. ಏಪ್ರಿಲ್ 12ರಂದು ಸಾರ್ವಜನಿಕ ಅಹವಾಲು ಕೇಳಿದ ನಗರಸಭೆ ಅರ್ಜಿಯನ್ನು ತಿರಸ್ಕರಿಸಿತು. ಎರಡು ದಿನದ ಮೇಲೆ ಹೊರಟ ಪತ್ರದಲ್ಲಿ ಕಾರಣ ಒಂದೂ ಇರಲಿಲ್ಲ. ಅದು ತಿಳಿಯಬೇಕಾದರೆ ಸಭೆಯ ನಡಾವಳಿ ಓದಬೇಕು. ನಡಾವಳಿ ಪ್ರಕಟವಾದದ್ದು 26 ದಿನ ಕಳೆದ ಮೇಲೆ. ಕೋರ್ಟಿಗೆ ಹೋಗಲು ಕಾನೂನು ಕೊಟ್ಟ ಗಡುವು 30 ದಿನ. ಕಾರಣಗಳು ಅದೇ ಪತ್ರದಲ್ಲಿ ಇರಬೇಕೆಂದೇನಿಲ್ಲ, ಆದರೆ ಹೆಚ್ಚುಕಡಿಮೆ ಅದರ ಜೊತೆಯಲ್ಲೇ ಸಿಗಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಗರ ಸೋತಿತು.

ಆ ದೇಶದ ನಗರಗಳು ಟವರುಗಳಿಗಾಗಿ ಬರೆದುಕೊಂಡಿರುವ ವಲಯ ನಿಯಮಗಳ ತಿರುಳು ಸಾಮಾನ್ಯವಾಗಿ ಒಂದೇ: ಇರುವುದನ್ನು ಹಂಚಿಕೊಳ್ಳಿ, ಆಗದಿದ್ದರೆ ಮಾತ್ರ ಹೊಸದು ಕೇಳಿ. ಹತ್ತಿರದ ಯಾವ ಟವರೂ ನೀರಿನ ಟ್ಯಾಂಕೂ ತಮಗೆ ಒದಗದು ಎಂದು ಅರ್ಜಿದಾರರು ತೋರಿಸಬೇಕು. ಬೇರೆ ಕಂಪನಿಗಳ ಆಂಟೆನಾಗಳನ್ನೂ ಹೊರುವಷ್ಟು ಗಟ್ಟಿಯಾಗಿ ಕಟ್ಟಬೇಕು. ಬಳಕೆ ನಿಂತರೆ ಕಿತ್ತು ಜಾಗ ತೆರವು ಮಾಡಬೇಕು. ಮೂರು ಕಂಪನಿ ಮೂರು ಕಂಬ ನೆಡುವುದಕ್ಕಿಂತ ಇದು ಖಂಡಿತ ಮೇಲು. ಆದರೆ ಆಂಟೆನಾ ಸಾಲುಗಳ ನಡುವೆ ಅಂತರ ಬೇಕು, ಎಲ್ಲಕ್ಕಿಂತ ಕೆಳಗಿನ ಸಾಲಿಗೂ ಮರಗಳ ಮೇಲಿಂದ ದಾರಿ ಬೇಕು. ಹಾಗಾಗಿ ಹಂಚಿಕೆಯ ಕಂಬ ಹೆಚ್ಚು ಎತ್ತರವಾಗಿ, ದಪ್ಪವಾಗಿ ಬೆಳೆಯುತ್ತದೆ. ಕಂಬಗಳ ಸಂಖ್ಯೆಯಲ್ಲಿ ಊರು ಉಳಿಸಿದ್ದನ್ನು ಎತ್ತರದಲ್ಲಿ ತೆರುವವರು ಒಂದು ಬೀದಿಯವರು. ಆ ಬೀದಿಗೆ ಪೂರ್ತಿ ಲೆಕ್ಕವನ್ನು ಮೊದಲೇ ಹೇಳುತ್ತವೆಯೇ ಎಂಬುದರ ಮೇಲೆಯೇ ನಾನು ಈ ನಿಯಮಗಳನ್ನು ಅಳೆಯುತ್ತೇನೆ.

1996ರ ದೂರಸಂಪರ್ಕ ಕಾಯ್ದೆ ಜಾಗದ ನಿರ್ಧಾರವನ್ನು ನಗರಗಳಿಗೇ ಬಿಟ್ಟು, ಅದಕ್ಕೆ ಬೇಲಿ ಹಾಕಿತು. ಕಂಪನಿ ಕಂಪನಿಗಳ ನಡುವೆ ಅಕಾರಣ ತಾರತಮ್ಯ ಕೂಡದು, ಸೇವೆಯನ್ನೇ ತಡೆಯಕೂಡದು, ನಿರಾಕರಣೆ ಲಿಖಿತವಾಗಿರಬೇಕು, ಅದಕ್ಕೆ ಗಣನೀಯ ಸಾಕ್ಷ್ಯ ಬೇಕು. ಕೊನೆಯ ಈ ನಿಬಂಧನೆ ಇಡೀ ವ್ಯವಸ್ಥೆಯಲ್ಲೇ ಉತ್ತಮವಾದದ್ದು. ಗದ್ದಲಕ್ಕೆ ಮಣಿದು ಬೇಡ ಎನ್ನುವ ಸಭೆಯನ್ನು ಅದು ಕಾರಣ ಹುಡುಕಲು ಹಚ್ಚುತ್ತದೆ. ರಾಸ್‌ವೆಲ್ ತೀರ್ಪು ಅದಕ್ಕೆ ಬಲ ಕೊಟ್ಟಿತು.

ಅದೇ ಕಾಯ್ದೆಯ ಇನ್ನೊಂದು ನಿಬಂಧನೆ ನನ್ನನ್ನು ಕಾಡುತ್ತದೆ. ಕೇಂದ್ರದ ವಿಕಿರಣ ಮಿತಿಯೊಳಗಿರುವ ಟವರನ್ನು ವಿಕಿರಣದ ಪರಿಣಾಮದ ಕಾರಣಕ್ಕೆ ನಗರ ನಿರಾಕರಿಸುವಂತಿಲ್ಲ. ಊರಿಗೊಂದು ವಿಜ್ಞಾನ ಬೇಡ ಎಂಬ ತರ್ಕವನ್ನು ಒಪ್ಪುತ್ತೇನೆ. ಆದರೆ ಮಗುವಿನ ಆರೋಗ್ಯಕ್ಕೆ ಹೆದರಿ ಬಂದ ತಾಯಿ, ಆ ಮಾತಿಗೆ ತೂಕವಿಲ್ಲವೆಂದು ತಿಳಿದು ನೋಟ ಕೆಡುತ್ತದೆ, ಮನೆಯ ಬೆಲೆ ಇಳಿಯುತ್ತದೆ ಎಂದು ವಾದಿಸಬೇಕಾಗುತ್ತದೆ. ಅಲ್ಲಿ ಭಯವೂ ತೀರುವುದಿಲ್ಲ, ಚರ್ಚೆಯೂ ನೇರವಾಗುವುದಿಲ್ಲ. ಇದೇ ಭಯಕ್ಕೆ ಭಾರತ ಬೇರೆ ಉತ್ತರ ಕೊಟ್ಟಿತು. 2012ರ ಸೆಪ್ಟೆಂಬರ್ 1ರಿಂದ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಮಿತಿ ಎಷ್ಟೇ ಇರಲಿ, ಟವರ್ ಎದ್ದ ಮೇಲೆ ಅಳೆದು ಬೀದಿಯವರಿಗೆ ತೋರಿಸುವುದನ್ನು ನಿಯಮವೇ ಹೇಳಿದ್ದರೆ ಆ ತಾಯಿಗೆ ಉತ್ತರ ಸಿಗುತ್ತಿತ್ತು.

ದೊಡ್ಡ ತೊಡಕು ಬಂದದ್ದು 2012ರಲ್ಲಿ. ಇರುವ ಟವರಿನ ಗಾತ್ರವನ್ನು ಗಣನೀಯವಾಗಿ ಬದಲಿಸದ ಸೇರ್ಪಡೆಯನ್ನು ನಗರ ಒಪ್ಪಲೇಬೇಕು ಎಂದು ಅಮೆರಿಕದ ಸಂಸತ್ತು ಕಾನೂನು ಮಾಡಿತು. 'ಗಣನೀಯ' ಎಂದರೆ ಎಷ್ಟು? ರಸ್ತೆಬದಿಯಾಚೆಗಿನ ಟವರುಗಳಿಗೆ 2014ರಲ್ಲಿ ಫೆಡರಲ್ ಸಂಪರ್ಕ ಆಯೋಗ ಅಳತೆ ಕೊಟ್ಟಿತು: ಎತ್ತರದ ಶೇ 10, ಅಥವಾ ಈಗಿನ ಆಂಟೆನಾದಿಂದ 20 ಅಡಿಯವರೆಗಿನ ಅಂತರದಲ್ಲಿ ಮತ್ತೊಂದು ಸಾಲು, ಯಾವುದು ಹೆಚ್ಚೋ ಅದು. ನಗರ 60 ದಿನದಲ್ಲಿ ನಿರ್ಧರಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಮರೆಮಾಚುವ ರೂಪವನ್ನು ಕೆಡಿಸಬಾರದು ಎಂಬ ರಕ್ಷಣೆ ಇದೆ, ನಿಜ. ಆದರೂ ವರ್ಷಗಟ್ಟಲೆ ಚೌಕಾಸಿ ಮಾಡಿ ಅಡಿ ಅಡಿಯಾಗಿ ಎತ್ತರ ತಗ್ಗಿಸಿದ ಊರು, ಆ ಅಡಿಗಳನ್ನು ಎರಡನೇ ಕಂಪನಿಗೆ ಅಹವಾಲಿಲ್ಲದೆ ಬಿಟ್ಟುಕೊಡಬೇಕಾಗಬಹುದು.

ಹಂಚಿಕೆಯನ್ನು ಊರುಗಳು ತಾವಾಗಿಯೇ ಬಯಸಿದ್ದವು. ಒತ್ತಾಯದ ಹಂಚಿಕೆ ಅವುಗಳಿಗೆ ಆ ಬಯಕೆಯ ಮೇಲೇ ಅನುಮಾನ ಹುಟ್ಟಿಸುತ್ತದೆ. ಮೊದಲ ಕಂಬಕ್ಕೇ ಬೇಡ ಎನ್ನುವ ಛಲ ಬೆಳೆಸುತ್ತದೆ. ಈ ಕಾನೂನನ್ನು ತೆಗೆಯುವುದು ನಗರಗಳ ಕೈಯಲ್ಲಿಲ್ಲ, ಆದರೆ ಅವುಗಳ ಅರ್ಜಿ ನಮೂನೆ ಅವುಗಳ ಕೈಯಲ್ಲೇ ಇದೆ. ಅದರಲ್ಲಿ ಎರಡು ಚಿತ್ರ ಕೇಳಲಿ: ಇಂದು ಕಟ್ಟುವ ಟವರಿನದು, ಕಾನೂನು ಬಿಟ್ಟಷ್ಟೂ ಬೆಳೆದ ಮೇಲಿನದು. 108 ಅಡಿಗೆ ಕೈ ಎತ್ತುವವರ ಮುಂದೆ, ಅದರ ಮೇಲಿನ 20 ಅಡಿಯೂ ಅದೇ ದಿನ ಇರಲಿ.