ಬೇಸಿಗೆಯ ಗ್ಲಾಸಿಗೆ ಎಷ್ಟು ಕಹಿ?

ನನ್ನ ಸೋದರಮಾವನ ಮಗ ಬೆಳೆದದ್ದು ಗೆಂಡೆಹಳ್ಳಿಯ ಕಾಫಿ ತೋಟದಲ್ಲಿ, ಈಗ ಸಂಸಾರ ಹೂಡಿರುವುದು ಸಿಯಾಟಲ್‌ನಲ್ಲಿ. ಬೇಸಿಗೆಗೆಂದೇ ಅವನು ಒಂದು ಪೇಲ್ ಏಲ್ ಬಿಯರಿನ ರೆಸಿಪಿ ಕಟ್ಟಿದ್ದಾನೆ. ಅದನ್ನು ಅವನ ಮನೆಯಲ್ಲೇ ಕುಡಿದು ನೋಡಿದ್ದೇನೆ, ಬರೆದಿಟ್ಟ ಅಳತೆಗಳನ್ನೂ ಓದಿದ್ದೇನೆ. ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ ಅದು, ಆದ್ದರಿಂದಲೇ ಗಂಭೀರವಾಗಿ ಪರಿಶೀಲಿಸಲು ಯೋಗ್ಯ.

ಮೊದಲಿಗೆ ಒಂದು ಮಾತು. ಅಮೆರಿಕದಲ್ಲಿ 1978ರ ಕಾಯ್ದೆಯ ನಂತರ ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ಬಿಯರನ್ನು ಸ್ವಂತಕ್ಕೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಈ ಪ್ರಯೋಗ ನಡೆಯಬೇಕಾದದ್ದು ಅವನ ಗ್ಯಾರೇಜಿನಲ್ಲೇ. ಜೊತೆಗೆ, ಬಿಯರಿಗೆ ಕಹಿ ಮತ್ತು ಕಂಪು ಕೊಡುವ ಹಾಪ್ಸ್ ಹೂವಿನ ಅಮೆರಿಕದ ಬೆಳೆಯಲ್ಲಿ ಬಹುಪಾಲು ಬೆಳೆಯುವ ಯಾಕಿಮಾ ಕಣಿವೆ ಅವನು ಇರುವ ರಾಜ್ಯದಲ್ಲೇ ಇದೆ. ತೋಟದವರ ಮನೆಯ ಹುಡುಗನಿಗೆ ಬೆಳೆಯ ಪಕ್ಕದಲ್ಲೇ ಇರುವ ಭಾಗ್ಯ ಸಿಕ್ಕಿದೆ.

ಅವನ ಲೆಕ್ಕ ಹೀಗಿದೆ: 20 ಲೀಟರಿಗೆ 5 ಕಿಲೋ ಬಾರ್ಲಿ ಮಾಲ್ಟ್, ಅರ್ಧ ಕಿಲೋ ಕ್ರಿಸ್ಟಲ್ ಮಾಲ್ಟ್, ಊರಿಂದ ಒಯ್ದ ಮೊಳಕೆ ರಾಗಿ ಹಿಟ್ಟು ಅರ್ಧ ಕಿಲೋ. ಕುದಿಯ ಆರಂಭದಲ್ಲೇ 30 ಗ್ರಾಂ ಮ್ಯಾಗ್ನಮ್ ಹಾಪ್ಸ್, ಕೊನೆಯ ಹತ್ತು ನಿಮಿಷ ಇರುವಾಗ 20 ಗ್ರಾಂ ಸಿಟ್ರಾ. ಇದರಿಂದ ಹೊರಬರುವ ಬಿಯರಿನಲ್ಲಿ ಮದ್ಯಸಾರ ಶೇಕಡಾ 6ನ್ನು ದಾಟುತ್ತದೆ, ಕಹಿಯ ಅಳತೆ 50ರ ಸುತ್ತ ನಿಲ್ಲುತ್ತದೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದಿಂದ ಹೊರಟು ಅಮೆರಿಕನ್ ಪೇಲ್ ಏಲ್‌ಗೆ ಮಾದರಿಯಾದ ಸಿಯೆರಾ ನೆವಾಡಾ ಶೇಕಡಾ 5.6, ಅದರ ಕಹಿ 38. ನಮ್ಮ ಹುಡುಗ ಬೇಸಿಗೆಯ ಹೆಸರಿನಲ್ಲಿ ಆ ಮಾದರಿಗಿಂತಲೂ ಭಾರವಾದದ್ದನ್ನು ಮಾಡಿದ್ದಾನೆ. ಮೊದಲ ಗುಟುಕು ಸೊಗಸಾಗಿದೆ. ಅರ್ಧ ಗ್ಲಾಸಿಗೆ ಬರುವಷ್ಟರಲ್ಲಿ ನಾಲಿಗೆ ದಣಿಯುತ್ತದೆ. ಬಿಸಿಲಲ್ಲಿ ಬಾಯಾರಿ ಬಂದವನಿಗೆ ಎರಡನೇ ಗ್ಲಾಸು ಬೇಕೆನಿಸದಿದ್ದರೆ ಆ ಬಿಯರ್ ಬೇಸಿಗೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಸ್ಯೆ ಇರುವುದು ಹಾಪ್ಸ್ ಹೆಚ್ಚಾದದ್ದರಲ್ಲಿ ಅಲ್ಲ, ಹಾಕಿದ ಹೊತ್ತಿನಲ್ಲಿ. ಹಾಪ್ಸ್ ಹೂವಿನೊಳಗಿನ ಹಳದಿ ಪುಡಿಯಲ್ಲಿ, ಲುಪುಲಿನ್‌ನಲ್ಲಿ, ಎರಡು ಬೇರೆ ಬೇರೆ ಸಂಪತ್ತುಗಳಿವೆ. ಆಲ್ಫಾ ಆಮ್ಲಗಳು ಬಹಳ ಹೊತ್ತು ಕುದ್ದಾಗ ರೂಪ ಬದಲಿಸಿ ಕಹಿಯಾಗುತ್ತವೆ. ಕಿತ್ತಳೆ ಸಿಪ್ಪೆ, ಮಾವು, ಹಸಿರೆಲೆಗಳ ನೆನಪು ತರುವ ಎಣ್ಣೆಗಳು ಅದೇ ಕುದಿಯಲ್ಲಿ ಆವಿಯೊಡನೆ ಹಾರಿಹೋಗುತ್ತವೆ. ಮೊದಲೇ ಹಾಕಿದರೆ ಕಹಿ ಉಳಿದು ಕಂಪು ಹೋಗುತ್ತದೆ, ಒಲೆ ಆರಿಸಿದ ಮೇಲೆ ಹಾಕಿದರೆ ಕಂಪು ಉಳಿದು ಕಹಿ ತಗ್ಗುತ್ತದೆ. ಬೇಸಿಗೆಗೆ ಬೇಕಾದದ್ದು ಎರಡನೆಯದು. ಮ್ಯಾಗ್ನಮ್ ಅನ್ನು 10 ಗ್ರಾಂಗೆ ಇಳಿಸಲಿ. ಒಲೆ ಆರಿಸಿ, 80 ಡಿಗ್ರಿಗೆ ತಣಿದ ಮೇಲೆ 40 ಗ್ರಾಂ ಸಿಟ್ರಾ ಹಾಕಿ ಇಪ್ಪತ್ತು ನಿಮಿಷ ಬಿಡಲಿ. ಹುದುಗು ಮುಗಿಯುವ ಹೊತ್ತಿಗೆ ಕ್ಯಾಸ್ಕೇಡ್ 60 ಗ್ರಾಂ ತಣ್ಣಗೆ ನೆನೆಯಲಿ. 1972ರಲ್ಲಿ ಬಿಡುಗಡೆಯಾದ ಈ ಹಳೆಯ ತಳಿಯ ಹೂ ಮತ್ತು ಚಕ್ಕೋತದ ಘಮ ಸಿಟ್ರಾದ ಅಬ್ಬರವನ್ನು ತಹಬಂದಿಗೆ ತರುತ್ತದೆ. ಹಾಪ್ಸಿನ ಒಟ್ಟು ತೂಕ ಇಮ್ಮಡಿಯಾದರೂ ಕಹಿ 30ರ ಆಸುಪಾಸಿಗೆ ಇಳಿಯುತ್ತದೆ.

ಮಾಲ್ಟಿನ ಕಡೆ ಕ್ರಿಸ್ಟಲ್ ಮಾಲ್ಟ್ ಬೇಡವೇ ಬೇಡ. ಅದು ಬಿಡುವ ಸುಟ್ಟ ಸಕ್ಕರೆಯ ಸಿಹಿ ಯೀಸ್ಟಿಗೆ ಪೂರ್ತಿ ದಕ್ಕುವುದಿಲ್ಲ, ಗಂಟಲಲ್ಲಿ ಉಳಿಯುತ್ತದೆ. ಎಲ್ಲ ಧಾನ್ಯ ಸೇರಿ 3.8 ಕಿಲೋ ಸಾಕು. ಧಾನ್ಯ ನೆನೆಯುವ ಬಿಸಿನೀರನ್ನು 65 ಡಿಗ್ರಿಯಲ್ಲಿ ಹಿಡಿದರೆ ಪಿಷ್ಟ ಸರಳ ಸಕ್ಕರೆಗಳಾಗಿ ಒಡೆದು, ಬಿಯರ್ ಸಿಹಿ ಕಳೆದುಕೊಂಡು ಶೇಕಡಾ 4.4ರ ಹದಕ್ಕೆ ಬರುತ್ತದೆ.

ರಾಗಿಯ ವಿಷಯದಲ್ಲಿ ನಾನು ಅವನ ಪರ. ಹಳೇಬೀಡಿನತ್ತ ಇಳಿದರೆ ರಾಗಿಯೇ ಊಟ, ಮೊಳಕೆ ಕಟ್ಟಿ ಒಣಗಿಸಿ ಬೀಸುವುದು ಮಕ್ಕಳಿರುವ ಮನೆಮನೆಯ ಕೆಲಸ. ಆ ಮೊಳಕೆಯಲ್ಲಿ ಪಿಷ್ಟ ಒಡೆಯುವ ಕಿಣ್ವಗಳಿವೆ. ನೇಪಾಳ, ಸಿಕ್ಕಿಂಗಳಲ್ಲಿ ರಾಗಿಯಿಂದಲೇ ತೋಂಗ್ಬಾ ಎಂಬ ಹುದುಗಿಸಿದ ಪಾನೀಯ ಆಗುತ್ತದೆ. ಅಂದಮೇಲೆ ಪೇಲ್ ಏಲ್‌ನಲ್ಲಿ ರಾಗಿಗೆ ಸ್ಥಾನ ಕೇಳುವುದು ಬರೀ ಊರಿನ ಅಭಿಮಾನವಲ್ಲ, ಹಗುರವಾದ ಮೈ ಅದರಿಂದ ಬರುತ್ತದೆ. ಆದರೆ ನುಣ್ಣನೆಯ ಹಿಟ್ಟು ಹಾಕಬಾರದು. ಬಾರ್ಲಿಯ ಹೊಟ್ಟು ಸೋಸುವಾಗ ಜರಡಿಯ ಕೆಲಸ ಮಾಡುತ್ತದೆ, ರಾಗಿಗೆ ಅಂಥ ಹೊಟ್ಟಿಲ್ಲ. ಹಿಟ್ಟು ಅಂಟಾಗಿ ಕೂತು ರಸ ಇಳಿಯದೆ ನಿಲ್ಲುತ್ತದೆ. ಮೊಳಕೆ ರಾಗಿಯನ್ನು ತರಿಯಾಗಿ ಒಡೆದು, ಮೊದಲು ಬೇರೆಯಾಗಿ ಗಂಜಿಯಂತೆ ಬೇಯಿಸಿ ಸೇರಿಸಲಿ, ಜೊತೆಗೆ ಒಂದು ಹಿಡಿ ಭತ್ತದ ಹೊಟ್ಟು ಬೆರೆಸಲಿ. ಬೇಯಿಸಿದಾಗ ರಾಗಿಯ ಕಿಣ್ವ ಸಾಯುತ್ತದೆ ನಿಜ, ಬಾರ್ಲಿಯ ಕಿಣ್ವ ಆ ಕೊರತೆ ತುಂಬುತ್ತದೆ. ಕಾಫಿ ಪುಡಿ ನೆನೆಸುವ ಯೋಚನೆಯೂ ಅವನಿಗಿದೆ. ಅದನ್ನು ಕೈಬಿಡುವುದೇ ಒಳಿತು, ಒಂದು ಕಹಿಯ ಮೇಲೆ ಇನ್ನೊಂದು ಕಹಿ ಹೇರಿದಂತಾಗುತ್ತದೆ.

ಹುದುಗಿನ ಶಾಖದ ಬಗ್ಗೆ ತೋಟದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಪಲ್ಪರ್‌ನಿಂದ ಇಳಿದ ಅರೇಬಿಕಾ ಕಾಫಿಯನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟವರು, ಹೊತ್ತು ಮೀರಿದರೆ ಬೀಜ ನಾರುವುದನ್ನು ಬಲ್ಲರು. ಹುದುಗು ಪ್ರಬಲವಾಗಿರುವಾಗ ಗ್ಯಾರೇಜು ಬಿಸಿಯಾಗಿ 26 ಡಿಗ್ರಿ ಮುಟ್ಟಿದರೆ ಯೀಸ್ಟ್ ತೀಕ್ಷ್ಣವಾದ ಮದ್ಯಸಾರಗಳನ್ನೂ ಹಣ್ಣಿನ ಅತಿಯಾದ ವಾಸನೆಯನ್ನೂ ಬಿಡುತ್ತದೆ, ಹಾಪ್ಸಿನ ಕಂಪು ಅದರಡಿ ಮುಚ್ಚಿಹೋಗುತ್ತದೆ. ಮೊದಲ ಮೂರು ದಿನ 18ರಿಂದ 20ರೊಳಗೆ ಇಟ್ಟರೆ ಸಾಕು. ತಂಪಿನ ಸೌಕರ್ಯ ಇಲ್ಲದಿದ್ದರೆ ಬಿಸಿಯಲ್ಲೂ ಶುದ್ಧವಾಗಿ ಹುದುಗುವ ನಾರ್ವೆಯ ಕ್ವೈಕ್ ಯೀಸ್ಟ್ ಇದೆ.

ನನಗೆ ಒಪ್ಪಲಾಗದ ಕೊನೆಯ ಸಂಗತಿ ಅವನ ದಾಸ್ತಾನು. ಏಪ್ರಿಲಿನಲ್ಲಿ ತುಂಬಿದ ಬಾಟಲಿಗಳನ್ನು ನಾಲ್ಕು ಮಂದಿ ಸೇರುವ ದೀಪಾವಳಿಗೆಂದು ಎತ್ತಿಟ್ಟಿದ್ದಾನೆ. ನಾನು ಹೇಳಿದಂತೆ ತಣ್ಣಗೆ ನೆನೆಸಿದ ಹಾಪ್ಸಿನ ಘಮವಂತೂ ಆಮ್ಲಜನಕ ತಗುಲುತ್ತ ವಾರಗಳಲ್ಲೇ ಮಂಕಾಗುತ್ತದೆ. ಮೇ ತಿಂಗಳಲ್ಲಿ ಕುದಿಸಿ, ತುಂಬುವಾಗ ಗಾಳಿ ಸೇರದಂತೆ ನೋಡಿಕೊಂಡು, ಗ್ಯಾಸ್ ಕೂಡಿದ ಮೇಲೆ ಫ್ರಿಜ್‌ನಲ್ಲಿಟ್ಟು ಜುಲೈ ಮುಗಿಯುವುದರೊಳಗೆ ಖಾಲಿ ಮಾಡಬೇಕು. ದೀಪಾವಳಿಗೆ ಬೇಕಾದರೆ ಮತ್ತೊಮ್ಮೆ ಒಲೆ ಹೂಡಲಿ, ಆಗ ಕ್ರಿಸ್ಟಲ್ ಮಾಲ್ಟ್ ಹಾಕಿದರೂ ನನ್ನ ತಕರಾರಿಲ್ಲ.