‘ತುರು’ ಎಂದು ಹುಡುಕಿದರೆ ‘ತುಱು’ ಸಿಗಬೇಕು: ಮ್ಯೂಸಿಯಂ ಜಾಲತಾಣಕ್ಕೆ ಒಮೇಕಾ ಸಾಕೇ?

2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಹೊರಗಿನವರಿಗೆ ಶಿವಮೊಗ್ಗ ಹತ್ತಿರವಾಗಿದೆ. ಬಂದವರು ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂಗೆ ಹೋಗ್ತಾರೆ, ಅಂಗಳದ ವೀರಗಲ್ಲುಗಳ ಫೋಟೋ ತೆಗೀತಾರೆ. ಆಮೇಲೆ ಮೊಬೈಲಿನಲ್ಲಿ ಹುಡುಕುತ್ತಾರೆ: ಈ ಕಲ್ಲು ಯಾವ ಊರಿನದು, ಇದರಲ್ಲಿ ಏನು ಬರೆದಿದೆ? ಉತ್ತರ ಸಿಗಬೇಕಾದರೆ ಕಲ್ಲು ಕಲ್ಲಿಗೂ ಒಂದು ಪುಟ ಇರಬೇಕು. ಈ ಮಾತು ಬಂದಾಗಲೆಲ್ಲ ಕೇಳಿಬರುವ ಸಲಹೆ ಒಂದೇ: ಮುಕ್ತ ತಂತ್ರಾಂಶ ಇದೆ, ದುಡ್ಡು ಬೇಡ, ಒಂದು ವಾರದಲ್ಲಿ ಜಾಲತಾಣ ಸಿದ್ಧ. ಈ ಸಲಹೆಯನ್ನು ಶಾಸನದ ಕಡೆಯಿಂದ ಒರೆಗೆ ಹಚ್ಚಿ ನೋಡಬೇಕು ಅನ್ನಿಸಿತು. ನನ್ನ ಕಂಪ್ಯೂಟರಿನಲ್ಲೇ ಒಮೇಕಾ ಎಸ್ ಹಾಕಿಕೊಂಡು, ಪಕ್ಕದಲ್ಲಿ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 7ನೇ ಸಂಪುಟ ಇಟ್ಟುಕೊಂಡು ಕೆಲವು ಶಾಸನಗಳನ್ನು ತುಂಬಿಸಿದೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ವರ್ಡ್‌ಪ್ರೆಸ್ ಹುಟ್ಟಿದ್ದು ಬ್ಲಾಗಿಗಾಗಿ. ಅದಕ್ಕೆ ಎಲ್ಲವೂ ‘ಬರಹ’, ಹೊಸದು ಮೇಲೆ, ಹಳೆಯದು ಕೆಳಗೆ. ಕಲ್ಲಿಗೆ ಆ ಕ್ರಮ ಒಗ್ಗುವುದಿಲ್ಲ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರರೇ ಸೇರಿ ಕಟ್ಟಿದ ಒಮೇಕಾದ ಕೇಂದ್ರದಲ್ಲಿರುವುದು ‘ವಸ್ತು’. ಒಂದು ವೀರಗಲ್ಲಿನ ಕೆಳಗೆ ಅದರ ಫೋಟೋ, ಅಚ್ಚುಪ್ರತಿ, ಪಾಠ ಎಲ್ಲವನ್ನೂ ಇಡಬಹುದು. ಒಂದು ಕಲ್ಲನ್ನು ಇನ್ನೊಂದಕ್ಕೆ ಜೋಡಿಸಬಹುದು. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಭಾಷೆಯ ಗುರುತು ಹಾಕಬಹುದು. ಇಷ್ಟು ಸಾಮಾನ್ಯ ಸಾಧನೆಯಲ್ಲ.

ತೊಡಕು ಶುರುವಾಗುವುದು ಖಾನೆಗಳಲ್ಲಿ. ಒಮೇಕಾ ತಾನಾಗಿ ಕೊಡುವುದು ಡಬ್ಲಿನ್ ಕೋರ್ ಎಂಬ ಪಟ್ಟಿ. ಅದರ ಮೂಲದ 15 ಅಂಶಗಳಲ್ಲಿ ‘ಕರ್ತೃ’ ಇದೆ. ವೀರಗಲ್ಲಿಗೆ ಕರ್ತೃ ಯಾರು? ಸತ್ತ ವೀರನೇ, ನಿಲ್ಲಿಸಿದ ಬಂಧುವೇ, ಬರೆದವನೇ, ಕೆತ್ತಿದ ರೂವಾರಿಯೇ? ನಾಲ್ವರನ್ನೂ ಒಂದೇ ಖಾನೆಗೆ ತುರುಕಿದರೆ ಶಾಸನ ಹೇಳುವ ಸಮಾಜವೇ ಅಳಿಸಿಹೋಗುತ್ತದೆ.

‘ಸ್ಥಳ’ದ ಖಾನೆಯೂ ಹಾಗೇ. ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ, ಈಗ ಇರುವುದು ಬೇರೆ ಊರಿನಲ್ಲಿ. ನಮ್ಮಲ್ಲಿ ಇನ್ನೊಂದು ಸುತ್ತು ಜಾಸ್ತಿ. 1902ರಲ್ಲಿ ಬಂದ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯವು; 1997ರಿಂದ ಅವು ದಾವಣಗೆರೆಯವು. 8ನೇ ಸಂಪುಟದ ನಗರ ತಾಲ್ಲೂಕು ಇವತ್ತು ಹೊಸನಗರ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಸಿಕ್ಕ ಊರು, ಸಂಪುಟದ ತಾಲ್ಲೂಕು, ಇವತ್ತಿನ ಜಿಲ್ಲೆ, ಈಗ ಇರುವ ಜಾಗ, ಹೀಗೆ ನಾಲ್ಕು ಖಾನೆ ಬೇಕೇ ಬೇಕು. ಒಂದೇ ಖಾನೆಯಲ್ಲಿ ‘ಶಿವಮೊಗ್ಗ’ ಅಂತ ಬರೆದುಬಿಟ್ಟರೆ, ಹೊನ್ನಾಳಿಯ ಹುಡುಗನೊಬ್ಬನಿಗೆ ತನ್ನೂರಿನ ಕಲ್ಲು ಎಂದೂ ಸಿಗುವುದಿಲ್ಲ.

ಕಾಲದ ವಿಚಾರ ಇನ್ನೂ ಸೂಕ್ಷ್ಮ. ಶಕವರ್ಷ, ಸಂವತ್ಸರ, ತಿಥಿ ಇದ್ದರೆ ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಲಿಪಿಯೇ ಗತಿ. ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದ್ದು ಅನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಯಂತ್ರ ಕೇಳುವುದು ಒಂದು ಸಂಖ್ಯೆ. 370 ಅಂತ ಹಾಕಿದ ಕೂಡಲೇ ಅದು ಅಭಿಪ್ರಾಯವಾಗಿ ಉಳಿಯದೆ ಸರ್ಕಾರಿ ಸತ್ಯವಾಗುತ್ತದೆ, ಹತ್ತು ಕಡೆ ನಕಲಾಗುತ್ತದೆ. ಒಮೇಕಾ ಎಸ್‌ನ ಈಚಿನ ಆವೃತ್ತಿಗಳಲ್ಲಿ ಪ್ರತಿ ಮೌಲ್ಯಕ್ಕೂ ಟಿಪ್ಪಣಿ ಸೇರಿಸುವ ಸೌಲಭ್ಯ ಇದೆ. ‘ಯಾರು ಹೇಳಿದ್ದು, ಯಾವ ಆಧಾರದ ಮೇಲೆ’ ಅನ್ನುವುದನ್ನು ಅಲ್ಲಿ ಕಡ್ಡಾಯ ಮಾಡಬೇಕು.

ಇನ್ನು ಹುಡುಕಾಟ. ಶಿಕಾರಿಪುರ, ಸೊರಬದ ಕಡೆಯ ಎಷ್ಟೋ ವೀರಗಲ್ಲುಗಳ ವಿಷಯ ಒಂದೇ: ಶತ್ರುಗಳು ತುಱುಗೊಂಡರು, ವೀರ ಬಿಡಿಸಿಕೊಂಡು ಬಂದು ಸತ್ತ. ಇವತ್ತಿನ ಓದುಗ ಟೈಪು ಮಾಡುವುದು ‘ತುರು’ ಅಂತ. ಯೂನಿಕೋಡಿನಲ್ಲಿ ರ ಬೇರೆ, ಱ ಬೇರೆ. ಹಾಗಾಗಿ ಒಂದೂ ಸಿಗುವುದಿಲ್ಲ. ೞ ಅಕ್ಷರಕ್ಕಂತೂ ಯೂನಿಕೋಡಿನ ಪಟ್ಟಿಯಲ್ಲಿ ‘ಫ’ ಅಂತ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಅನ್ನುವ ನಿಯಮದಿಂದ ಹಾಗೇ ಉಳಿದಿದೆ. ಸುಲಭ ಅಂತ ಕೆಲವರು ಪಾಠದಲ್ಲೇ ಱ ತೆಗೆದು ರ ಹಾಕುತ್ತಾರೆ. ಅದು ಕಲ್ಲಿನ ಮೇಲೆ ಉಳಿ ಇಟ್ಟ ಹಾಗೆ! ಪದದಲ್ಲಿ ಱ ಉಳಿದಿದೆಯೋ, ರ ಆಗಿದೆಯೋ ಅನ್ನುವುದು ಕಾಲನಿರ್ಣಯಕ್ಕೇ ಒಂದು ಸುಳಿವು. ಪಾಠ ಕಲ್ಲಿನಲ್ಲಿದ್ದಂತೇ ಇರಲಿ. ಪಕ್ಕದಲ್ಲಿ ಹುಡುಕಾಟಕ್ಕೆಂದೇ ಹೊಸಗನ್ನಡ ಕಾಗುಣಿತದ ಇನ್ನೊಂದು ಖಾನೆ ಇರಲಿ. ತ್ರುಟಿತ ಅಕ್ಷರ, ಊಹಿಸಿ ತುಂಬಿದ ಅಕ್ಷರ ಬೇರೆ ಬೇರೆ ಕಾಣುವಂತೆ ಗುರುತು ಹಾಕುವುದಕ್ಕೆ ಎಪಿಡಾಕ್ ಎಂಬ ಪದ್ಧತಿ ಇದೆ. ಆ ಕಡತವನ್ನು ಒಮೇಕಾದ ವಸ್ತುವಿನ ಜೊತೆಗೇ ಇಡಬಹುದು.

ಕೊನೆಯ ಮಾತು ಗುರುತಿನ ಸಂಖ್ಯೆಯ ಬಗ್ಗೆ. ಒಮೇಕಾ ತನ್ನಷ್ಟಕ್ಕೆ ಒಂದು ಕ್ರಮಸಂಖ್ಯೆ ಕೊಡುತ್ತದೆ. ಜಾಲತಾಣ ಬೇರೆ ಕಡೆ ಹೊಸದಾಗಿ ಕಟ್ಟಿದರೆ ಆ ಸಂಖ್ಯೆ ಬದಲಾಗಬಹುದು. ಆದರೆ ‘ಶಿಕಾರಿಪುರ 176’ ಅಂದರೆ ನೂರು ವರ್ಷದ ಮೇಲಾದರೂ ಅದು ತಾಳಗುಂದದ ಕಂಬವೇ. ರೈಸ್ ಅವರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೊಟ್ಟ ಸಂಖ್ಯೆ ಇವತ್ತಿಗೂ ಕೆಲಸ ಮಾಡುತ್ತಿದೆ. ಜಾಲತಾಣದ ಮೂಲ ಗುರುತು ಅದೇ ಆಗಲಿ. ಸಂಪುಟಗಳಲ್ಲಿ ಇಲ್ಲದ ಕಲ್ಲಿಗೆ ಮ್ಯೂಸಿಯಂನ ದಾಖಲೆ ಸಂಖ್ಯೆ ಇರಲಿ.

ಹಾಗಾದರೆ ಒಮೇಕಾ ಸಾಕೇ? ತಂತ್ರಾಂಶ ಸಾಕು, ಅದರ ಸಿದ್ಧ ಖಾನೆಗಳು ಸಾಲವು. ಉಚಿತ ಅನ್ನುವುದು ಪರವಾನಗಿಯ ಮಾತು. ಪಾಠ ನೋಡಿ ತುಂಬಿಸುವ ಕೈಗೆ, ವರ್ಷ ವರ್ಷ ನವೀಕರಿಸುವ ಕೈಗೆ ಸಂಬಳ ಕೊಡಲೇಬೇಕು. ಟೆಂಡರ್ ಕರೆಯುವ ಮೊದಲು ಶಾಸನ ಓದಬಲ್ಲ ಇಬ್ಬರನ್ನು ಕೂರಿಸಿಕೊಂಡು ಖಾನೆಗಳ ಪಟ್ಟಿ ಮಾಡಿಸಿ. ಮುಖಪುಟದ ಬಣ್ಣ ಆಮೇಲೆ ನೋಡಿಕೊಳ್ಳೋಣ.