ಕೂದಲೆಳೆಯ ಅಕ್ಷರ, ಮೂರು ಊರಿನ ಪರೀಕ್ಷೆ

ಹೊಸ ಫಾಂಟು ಸಿಕ್ಕಾಗ ನಾನು ಮೊದಲು ಟೈಪಿಸಿ ನೋಡುವುದು ಮೂರು ಊರುಗಳ ಹೆಸರನ್ನು: ತುಮಕೂರು, ಗುಬ್ಬಿ, ಕುಣಿಗಲ್. ಹುಟ್ಟಿದ ಜಿಲ್ಲೆಯ ಮೋಹವಷ್ಟೇ ಇದಕ್ಕೆ ಕಾರಣವಲ್ಲ. ತುಮಕೂರಿನಲ್ಲಿ ಕೊಂಬೂ ಇದೆ, ಕೊಂಬಿನ ದೀರ್ಘವೂ ಇದೆ. ಗುಬ್ಬಿಯಲ್ಲಿ ಒತ್ತಕ್ಷರವಿದೆ. ಕುಣಿಗಲ್‌ನ ಕೊನೆಯಲ್ಲಿ ತಲೆಕಟ್ಟಿನ ಜಾಗಕ್ಕೆ ಸುಳಿಯೊಂದು ಬಂದು ಕೂರುತ್ತದೆ. ಕನ್ನಡ ಅಕ್ಷರ ವಿನ್ಯಾಸದ ಹಲವು ತೊಡಕುಗಳು ಈ ಮೂರರಲ್ಲೇ ಎದುರಾಗುತ್ತವೆ.

ಈಚೆಗೆ ಗೆಳೆಯರೊಬ್ಬರ ಕವನ ಸಂಕಲನದ ಪುಟ ಜೋಡಿಸುವಾಗ ನೋಟೊ ಸೆರಿಫ್ ಕನ್ನಡವನ್ನು ಆರಿಸಿಕೊಂಡೆ. ಗೂಗಲ್ ಮುಕ್ತ ಪರವಾನಗಿಯಲ್ಲಿ ಕೊಟ್ಟಿರುವ ಈ ಫಾಂಟು 100ರಿಂದ 900ರವರೆಗೆ 9 ದಪ್ಪಗಳಲ್ಲಿ ಸಿಗುತ್ತದೆ. ನಾನು ಹಿಡಿದದ್ದು 100ನ್ನು, ಅಂದರೆ ಎಲ್ಲಕ್ಕಿಂತ ತೆಳುವಾದದ್ದನ್ನು. ಪರದೆಯ ಮೇಲೆ ದೊಡ್ಡದಾಗಿ ಮೂಡಿದ 'ತುಮಕೂರು' ರಂಗೋಲಿಯ ಎಳೆಯಂತೆ ಕಂಡಿತು. ಮನಸೋತೆ.

ಕರಡು ಪ್ರತಿ ಅಚ್ಚಾಗಿ ಬಂದಾಗ ಮೋಹ ಇಳಿಯಿತು. ಸಣ್ಣ ಅಳತೆಯಲ್ಲಿ, ಸಾಧಾರಣ ಕಾಗದದ ಮೇಲೆ, ಒತ್ತುಗಳು ಮಸುಕಾಗಿದ್ದವು. ಒಂದು ಸಾಲಿನ 'ಧನ' 'ದನ'ವಾಗಿ ಕಾಣುತ್ತಿತ್ತು. ಅಮ್ಮ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಕನ್ನಡಕ ಬದಲಾಯಿಸ್ಬೇಕು ಕಣೋ" ಅಂದಳು. ಓದುಗರು ಅಕ್ಷರವನ್ನು ದೂರುವುದಿಲ್ಲ, ತಮ್ಮ ಕಣ್ಣನ್ನೇ ದೂರಿಕೊಳ್ಳುತ್ತಾರೆ. ನನಗೆ ನಾಚಿಕೆಯಾಯಿತು.

ತಪ್ಪು ಫಾಂಟಿನದಲ್ಲ, ನನ್ನ ಆಯ್ಕೆಯದು. ಸೆರಿಫ್ ಎಂಬುದು ರೋಮನ್ ಅಕ್ಷರಗಳ ಗೆರೆಯ ತುದಿಗೆ ಅಂಟಿದ ಪುಟ್ಟ ಪಾದದ ಹೆಸರು. ದುಂಡಗಿನ ಕನ್ನಡಕ್ಕೆ ಅಂಥ ಪಾದವಿಲ್ಲ. ಇಲ್ಲಿ ಆ ಹೆಸರು ಹೇಳುವುದು ಗೆರೆಯ ದಪ್ಪ-ತೆಳುವಿನ ಏರಿಳಿತವನ್ನು. ಗೆರೆಯೇ ಕೂದಲೆಳೆಯಾದಾಗ ಏರಿಳಿತಕ್ಕೆ ಜಾಗವೆಲ್ಲಿ? ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಂತು ಮುಗಿಯುತ್ತವೆ. ನಮ್ಮ ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಇಳಿಯುತ್ತದೆ. ದಕಾರ ಧಕಾರವಾಗುವುದು ಒಂದು ಸಣ್ಣ ಸೀಳಿನಿಂದ. ಅಲ್ಲಿ ನಯವೆಂದು ಮೆಚ್ಚಿದ ತೆಳುವು ಇಲ್ಲಿ ಅರ್ಥವನ್ನೇ ಕಳೆಯಬಲ್ಲದು.

ಹಾಗೆಂದು ತೆಳು ಅಕ್ಷರ ಬೇಡವೆನ್ನಲಾರೆ. ಭಿತ್ತಿಪತ್ರದ ಶೀರ್ಷಿಕೆಗೆ, ಸುತ್ತ ಖಾಲಿ ಜಾಗವಿರುವ ಮುಖಪುಟಕ್ಕೆ ಅದರ ಸೊಗಸು ಒಪ್ಪುತ್ತದೆ. ಕವಿತೆಗಳನ್ನು 400ಕ್ಕೆ ಬದಲಿಸಿದೆ, 100ನ್ನು ಮುಖಪುಟಕ್ಕಷ್ಟೇ ಉಳಿಸಿದೆ. ವಿನ್ಯಾಸ ಕಲಿಯುವವರಿಗೆ ನನ್ನದೊಂದು ಮಾತು: ಫಾಂಟನ್ನು ಪರದೆಯಲ್ಲಿ ನೋಡಿ ಒಪ್ಪಬೇಡಿ. ಅಚ್ಚು ಹಾಕಿಸಿ, ಮನೆಯ ಹಿರಿಯರ ಕೈಗೆ ಕೊಡಿ.

ಎರಡನೆಯ ಕರಡನ್ನು ಅಮ್ಮ ಹಳೆಯ ಕನ್ನಡಕದಲ್ಲೇ ಓದಿ ಮುಗಿಸಿದಳು.